ಮಸಿಬಟ್ಟೆ ನುಂಗಿದ ಲ್ಯಾಬ್ರಡಾರ್: ಒಂದು ಪ್ರಕರಣ ಅಧ್ಯಯನ

ರೋಗಿಯ ಹೆಸರು ಬಂಟಿ. ಗಂಡು ಲ್ಯಾಬ್ರಡಾರ್, ನಾಲ್ಕು ವರ್ಷ, ತೂಕ 34 ಕೆ.ಜಿ., ಊರು ಮೈಸೂರು. ಬುಧವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಕರೆತಂದಾಗ ಮನೆಯವರ ದೂರು ಚಿಕ್ಕದಾಗಿತ್ತು: ವಾಂತಿ ಮಾಡುತ್ತಿದ್ದಾನೆ, ತಟ್ಟೆಯ ಕಡೆ ತಿರುಗಿಯೂ ನೋಡುತ್ತಿಲ್ಲ. ಬೇರೆ ತಳಿಯ ನಾಯಿ ಒಂದು ಹೊತ್ತು ಉಪವಾಸ ಮಾಡಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಲ್ಯಾಬ್ರಡಾರ್ ಊಟ ಬೇಡವೆಂದರೆ ಮಾತ್ರ ಕೈಯಲ್ಲಿರುವ ಕೆಲಸ ಬಿಟ್ಟು ನೋಡುತ್ತೇನೆ.

ಮೊದಲ ವಾಂತಿ ಸೋಮವಾರ ರಾತ್ರಿಯದು. ಮಧ್ಯಾಹ್ನ ತಿಂದ ಅನ್ನ ಅದರಲ್ಲಿ ಅಗುಳು ಅಗುಳಾಗಿಯೇ ಇತ್ತಂತೆ. ಆಮೇಲೆ ಬಂದದ್ದು ಹಳದಿ ನೊರೆ. ಮಂಗಳವಾರ ಬೆಳಿಗ್ಗೆ, ಮೊಮ್ಮಗನಿಗೆಂದು ತಂದಿಟ್ಟಿದ್ದ ಆಂಡಾನ್ಸೆಟ್ರಾನ್ ಸಿರಪ್ಪನ್ನು ಬಂಟಿಗೂ ಕುಡಿಸಿದರು. ಸಂಜೆಯವರೆಗೆ ವಾಂತಿ ನಿಂತಿತು, ಮನೆಯವರು ನಿಟ್ಟುಸಿರು ಬಿಟ್ಟರು. ಅಡಚಣೆಯ ಪ್ರಕರಣಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಈ ರೀತಿಯ ಶಾಂತಿ. ಆ ಔಷಧಿ ವಾಂತಿಯ ಸಂದೇಶವನ್ನಷ್ಟೇ ತಡೆಯುತ್ತದೆ. ಕರುಳಿನಲ್ಲಿ ಸಿಕ್ಕಿಕೊಂಡದ್ದು ಸಿಕ್ಕಿಕೊಂಡೇ ಇರುತ್ತದೆ. ಅದೇ ರಾತ್ರಿ ಅಜ್ಜಿ ಒಂದು ಚಮಚ ಹರಳೆಣ್ಣೆ ಕುಡಿಸಿದರು. ಪುಣ್ಯಕ್ಕೆ ಅದು ಬಂದ ದಾರಿಯಲ್ಲೇ ಹೊರಬಿತ್ತು. ಬುಧವಾರ ಬೆಳಗಾಗುವ ಹೊತ್ತಿಗೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಪರೀಕ್ಷೆಯ ಮೇಜಿನ ಮೇಲೆ ಕಂಡದ್ದು: ವಸಡು ಅಂಟಂಟಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿತ್ತು. ಹೃದಯ ಬಡಿತ ನಿಮಿಷಕ್ಕೆ 140. ಮೈಯ ನೀರು ಸುಮಾರು ಶೇ 8ರಷ್ಟು ಕಡಿಮೆಯಾಗಿತ್ತು. ಜ್ವರ 102.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಾಯಿಗಳ ಮಟ್ಟಿಗೆ ಸಹಜ. ಹೊಟ್ಟೆಯ ಮುಂಭಾಗಕ್ಕೆ ಕೈ ಹಾಕಿದೊಡನೆ ಬಂಟಿ ಹೊಟ್ಟೆಯನ್ನು ಬಿಗಿಹಿಡಿದ. ಬಲಗಡೆ ಕರುಳು ಒಂದೇ ಕಡೆ ಗುಂಪುಗೂಡಿದ ಹಾಗೆ ಬೆರಳಿಗೆ ಸಿಕ್ಕಿತು. ಬಾಯಿ ತೆರೆಸಿ, ಗಂಟಲಿನ ಕೆಳಗಿನಿಂದ ಹೆಬ್ಬೆರಳಿನಲ್ಲಿ ನಾಲಿಗೆಯನ್ನು ಮೇಲೆತ್ತಿ ನೋಡಿದೆ. ದಾರ ನುಂಗಿದ ಪ್ರಾಣಿಗಳಲ್ಲಿ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿರುವುದುಂಟು, ಬೆಕ್ಕುಗಳಲ್ಲಂತೂ ಹೆಚ್ಚು. ಇಲ್ಲಿ ಏನೂ ಇರಲಿಲ್ಲ. ಗುದದ್ವಾರದಲ್ಲೂ ಏನೂ ಕಾಣಲಿಲ್ಲ. ಕಂಡಿದ್ದರೂ ಎಳೆಯುತ್ತಿರಲಿಲ್ಲ, ಹಿಂದೆ ಇಣುಕುವ ದಾರದ ಇನ್ನೊಂದು ತುದಿ ಒಳಗೆ ಎಲ್ಲಿಗೆ ಕಚ್ಚಿಕೊಂಡಿದೆಯೋ ಗೊತ್ತಿಲ್ಲದೆ ಎಳೆದರೆ ಕರುಳು ಸೀಳುತ್ತದೆ.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೊಟ್ಟೆ ಸ್ವಲ್ಪ ಜೋತುಬಿದ್ದಿತ್ತು, ಪಕ್ಕೆಯ ರೋಮ ತೆಳುವಾಗಿತ್ತು. ನಾಲ್ಕು ವರ್ಷದ ನಾಯಿಗೆ ಇದು ಹೊಂದುವ ರೂಪವಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಮನೆಯಲ್ಲಿ ಏನು ಕಾಣೆಯಾಗಿದೆ?

ಇಂಥ ನಾಯಿ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಇದು. ಬರುವ ಮೊದಲ ಉತ್ತರ ಯಾವಾಗಲೂ ಒಂದೇ: "ಏನೂ ಇಲ್ಲ." ಯಜಮಾನರು ನಿವೃತ್ತ ಮೇಷ್ಟರು, ಮಾತು ಖಚಿತ. "ಡಾಕ್ಟರೇ, ನಮ್ಮ ಬಂಟಿ ಸಿಕ್ಕಿದ್ದನ್ನು ಬಾಯಿಗೆ ಹಾಕುವವನಲ್ಲ" ಎಂದರು. ಪಕ್ಕದಲ್ಲಿದ್ದ ಮಗ, ಹೋದ ತಿಂಗಳು ಮೊಬೈಲಿನ ಚಾರ್ಜರ್ ವಯರು ಕಡಿದು ಹಾಕಿದ್ದನ್ನು ಮೆಲ್ಲಗೆ ನೆನಪಿಸಿದರು.

"ಏನಾದರೂ ತಿಂದನೇ?" ಎಂಬ ಪ್ರಶ್ನೆಗೆ ಅರ್ಥವಿಲ್ಲ, ತಿನ್ನುವುದನ್ನು ನೋಡಿದ್ದರೆ ಅವರೇ ಮೊದಲು ಹೇಳುತ್ತಿದ್ದರು. ಎಣಿಸಿ ನೋಡಲು ಹೇಳಬೇಕು. ಕಾಲುಚೀಲಗಳು ಜೊತೆಗೂಡುತ್ತವೆಯೇ, ಮಗುವಿನ ಆಟಿಕೆಯ ಚಕ್ರಗಳು ಎಲ್ಲ ಇವೆಯೇ, ಬಚ್ಚಲಿನ ಸ್ಕ್ರಬ್ಬರ್ ಇಡಿಯಾಗಿದೆಯೇ, ಕಸದ ಬುಟ್ಟಿಯಲ್ಲಿ ಸ್ಯಾನಿಟರಿ ಪ್ಯಾಡ್ ಇತ್ತೇ, ಹೊಲಿಗೆ ಡಬ್ಬಿ ಎಲ್ಲಿದೆ. ಮನೆಯಲ್ಲಿದ್ದ ಸೊಸೆಗೆ ಫೋನ್ ಮಾಡಿ, ಒಂದೊಂದು ಕೋಣೆಯಾಗಿ ನೋಡುತ್ತಾ ಬರಲು ಹೇಳಿದೆ. ಅಡುಗೆಮನೆಗೆ ಬಂದಾಗ ಅವರು ತಡೆದರು. "ಮಸಿಬಟ್ಟೆ ಎರಡಿದ್ದವು, ಒಂದೇ ಇದೆ. ಇನ್ನೊಂದು ಒಲೆಯ ಹಿಂದೆ ಬಿದ್ದಿರಬೇಕೆಂದುಕೊಂಡಿದ್ದೆ." ಒಲೆಯ ಹಿಂದೆ ಅದು ಸಿಗಲಿಲ್ಲ. ಭಾನುವಾರ ಬೆಣ್ಣೆ ಕಾಯಿಸಿ, ತುಪ್ಪದ ಪಾತ್ರೆಯನ್ನು ಅದೇ ಬಟ್ಟೆಯಲ್ಲಿ ಹಿಡಿದು ಇಳಿಸಿದ್ದರು, ಚೆಲ್ಲಿದ್ದನ್ನು ಅದರಿಂದಲೇ ಒರೆಸಿದ್ದರು. ನಾಯಿಯ ಮೂಗಿಗೆ ಅದು ಬಟ್ಟೆಯಾಗಿ ಉಳಿದಿರಲಿಲ್ಲ.

ಎಕ್ಸ್‌ರೇ ತೆಗೆಯುವ ಮೊದಲೇ ನನ್ನ ಮಟ್ಟಿಗೆ ರೋಗನಿರ್ಣಯ ಮುಕ್ಕಾಲು ಭಾಗ ಮುಗಿದಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾಣ್ಯ, ಸೂಜಿ, ಕಲ್ಲು, ಮೂಳೆ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತವೆ. ಬಟ್ಟೆ, ದಾರ, ತೆಳು ಪ್ಲಾಸ್ಟಿಕ್ ಕಾಣುವುದಿಲ್ಲ. ಏನನ್ನು ಹುಡುಕುತ್ತಿದ್ದೇವೆಂದು ಗೊತ್ತಿಲ್ಲದಿದ್ದರೆ ಎಕ್ಸ್‌ರೇ ನೋಡಿ "ಏನೂ ಇಲ್ಲ" ಎಂದು ಮನೆಗೆ ಕಳಿಸುವುದು ಸುಲಭ.

ಆ ಫೋನ್ ಮುಗಿಯುವ ಮುನ್ನ ಔಷಧಿಗಳ ಬಗ್ಗೆಯೂ ಕೇಳಿದೆ. ಜೋತುಬಿದ್ದ ಹೊಟ್ಟೆಯ ಗುಟ್ಟು ಆಗ ಹೊರಬಂತು. ಮಳೆಗಾಲದಲ್ಲಿ ತುರಿಕೆಯೆಂದು ಯಾರೋ ವೈದ್ಯರು ಹತ್ತು ದಿನಕ್ಕೆ ಬರೆದುಕೊಟ್ಟಿದ್ದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು, ಅದೇ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರಿಸುತ್ತಾ ಎರಡು ತಿಂಗಳಿನಿಂದ ಕೊಡುತ್ತಿದ್ದರು, ದಿನಕ್ಕೆ 20 ಮಿಲಿಗ್ರಾಂ. ಕೊಟ್ಟರೆ ತುರಿಕೆ ನಿಲ್ಲುತ್ತಿತ್ತು, ಬಿಟ್ಟರೆ ಮರಳುತ್ತಿತ್ತು. ಮಾತ್ರೆ ಶುರುವಾದ ಮೇಲೆ ಬಂಟಿಯ ಹಸಿವು ಮಿತಿಮೀರಿತ್ತು, ನೀರು ಕುಡಿಯುವುದು ಹೆಚ್ಚಾಗಿತ್ತು, ಚಾರ್ಜರ್ ವಯರು ಕಡಿದದ್ದೂ ಆ ಮೇಲೆಯೇ.

ಸ್ಟೀರಾಯ್ಡ್ ಈ ಪ್ರಕರಣದ ಪ್ರತಿಯೊಂದು ತಿರುವಿನಲ್ಲೂ ಕೈಯಾಡಿಸಿದೆ. ಹಸಿವು ಕೆರಳಿಸಿ ಬಟ್ಟೆ ನುಂಗಿಸಿತು. ಜ್ವರವನ್ನೂ ಹೊಟ್ಟೆಯ ಉರಿಯೂತವನ್ನೂ ಮರೆಮಾಚುವ ಗುಣ ಅದಕ್ಕಿರುವುದರಿಂದ ಆ 102.4 ಡಿಗ್ರಿಯನ್ನು ನಾನು ನಂಬುವಂತಿರಲಿಲ್ಲ. ಗಾಯ ಮಾಯುವುದನ್ನು ಅದು ನಿಧಾನಿಸುವುದರಿಂದ ಕರುಳಿಗೆ ಹಾಕುವ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಹೆಚ್ಚಿತು. ಅಷ್ಟು ದಿನ ಹೊರಗಿನಿಂದ ಸಿಕ್ಕಿದ ಮೇಲೆ ದೇಹ ತಾನೇ ಅದನ್ನು ಉತ್ಪಾದಿಸುವುದನ್ನು ಕಡಿಮೆ ಮಾಡಿರುತ್ತದೆ, ಹಾಗಾಗಿ ತಟ್ಟನೆ ನಿಲ್ಲಿಸುವಂತೆಯೂ ಇರಲಿಲ್ಲ.

ಚಿತ್ರಗಳು, ರಕ್ತ, ತೀರ್ಮಾನ

ಎಕ್ಸ್‌ರೇಯಲ್ಲಿ ಬಟ್ಟೆ ಕಾಣಲಿಲ್ಲ. ಜಠರದಲ್ಲಿ ನೀರು ಮತ್ತು ಗಾಳಿ ತುಂಬಿತ್ತು. ಸಣ್ಣ ಕರುಳು ಹೊಟ್ಟೆಯ ತುಂಬಾ ಹರಡಿಕೊಳ್ಳುವ ಬದಲು ಬಲಗಡೆಗೆ ಮುದುಡಿಕೊಂಡಿತ್ತು. ಕರುಳಿನೊಳಗಿನ ಗಾಳಿ ಉದ್ದ ಕೊಳವೆಯಾಕಾರದಲ್ಲಿ ಇರದೆ, ಅಲ್ಪವಿರಾಮ ಚಿಹ್ನೆಯಂಥ ಪುಟ್ಟ ಗುಳ್ಳೆಗಳಾಗಿ ಒಡೆದಿತ್ತು. ಕರುಳಿನ ಅಗಲವನ್ನು ಸೊಂಟದ ಐದನೆಯ ಕಶೇರುಖಂಡದ ಎತ್ತರಕ್ಕೆ ಹೋಲಿಸುವ ಒಂದು ಅಳತೆ ನಮ್ಮಲ್ಲಿದೆ. ಅನುಪಾತ 1.6 ದಾಟಿದರೆ ಅಡಚಣೆಯ ಅನುಮಾನ ಬಲವಾಗುತ್ತದೆ. ಬಂಟಿಯದು 1.4 ಇತ್ತು. ಇಷ್ಟನ್ನೇ ನೋಡಿದವರಿಗೆ ಧೈರ್ಯ ಬಂದೀತು. ಆದರೆ ಚೆಂಡಿನಂಥ ವಸ್ತು ಅಡ್ಡ ಕೂತಾಗ ಕರುಳು ಉಬ್ಬುವ ಹಾಗೆ, ದಾರ ಅಥವಾ ಪಟ್ಟಿ ಸಿಕ್ಕಿಕೊಂಡಾಗ ಉಬ್ಬಬೇಕೆಂದೇನೂ ಇಲ್ಲ. ದಾರದ ಒಂದು ತುದಿ ಎಲ್ಲೋ ಗಟ್ಟಿಯಾಗಿ ನಿಲ್ಲುತ್ತದೆ, ಉಳಿದದ್ದನ್ನು ಕರುಳು ಮುಂದಕ್ಕೆ ನೂಕುತ್ತಲೇ ಇರುತ್ತದೆ. ದಾರ ಸರಿಯದಿದ್ದಾಗ ಕರುಳೇ ಅದರ ಮೇಲೇರಿ, ಲಾಡಿ ಎಳೆದಾಗ ಪಾಯಿಜಾಮದ ಸೊಂಟ ನೆರಿಗೆಗಟ್ಟುವಂತೆ ನೆರಿಗೆಗಟ್ಟುತ್ತದೆ. ಬಿಗಿಯಾದ ದಾರ ಒಳಬಾಗಿನ ಗೋಡೆಯನ್ನು ದಿನಗಟ್ಟಲೆ ಉಜ್ಜಿ ಕೊಯ್ಯುತ್ತದೆ. ಹರಳೆಣ್ಣೆ ಹೊಟ್ಟೆಯಲ್ಲಿ ನಿಂತಿದ್ದರೆ ಕರುಳಿನ ಚಲನೆ ಹೆಚ್ಚಿ ಈ ಕೊಯ್ತವೂ ಹೆಚ್ಚುತ್ತಿತ್ತು. ಅಲ್ಟ್ರಾಸೌಂಡಿನಲ್ಲಿ ಆ ನೆರಿಗೆಗಳು ಸ್ಪಷ್ಟವಾಗಿ ಕಂಡವು. ನಡುವೆ ಬೆಳ್ಳನೆಯ ಗೆರೆ, ಅದರ ಹಿಂದೆ ಕಪ್ಪು ನೆರಳು.

ರಕ್ತ ಪರೀಕ್ಷೆಯಲ್ಲಿ ಕ್ಲೋರೈಡ್ 89, ಪೊಟ್ಯಾಸಿಯಂ 3.0. ಜಠರದ ಆಮ್ಲ ವಾಂತಿಯಲ್ಲಿ ಹೊರಹೋಗುತ್ತಿರುವ ನಾಯಿಯಲ್ಲಿ ಇವೆರಡೂ ಹೀಗೆ ಕುಸಿಯುತ್ತವೆ. ಬಿಳಿ ರಕ್ತಕಣ 23,000. ಇದು ಸೋಂಕೂ ಆಗಿರಬಹುದು, ಬರೀ ಸ್ಟೀರಾಯ್ಡಿನ ಕೆಲಸವೂ ಆಗಿರಬಹುದು. ಆ ಸಂಖ್ಯೆಯಿಂದ ನನಗೆ ಪ್ರಯೋಜನವಾಗಲಿಲ್ಲ.

ಮಗನ ಪ್ರಶ್ನೆ, "ವಾಂತಿ ಮಾಡಿಸಿ ತೆಗೆಯಲಾಗದೇ?" ಭಾನುವಾರ ರಾತ್ರಿ ಬಂದಿದ್ದರೆ ಆಗುತ್ತಿತ್ತು. ಈಗ ಬಟ್ಟೆಯ ಒಂದು ಭಾಗ ಜಠರ ದಾಟಿ ಕರುಳಿಗೆ ಇಳಿದಿತ್ತು. ಎಂಡೋಸ್ಕೋಪ್ ಇಳಿಸಿ ಮೇಲಿನಿಂದ ಎಳೆದರೂ ಕರುಳು ಕೊಯ್ದುಹೋಗುವ ಅಪಾಯವಿತ್ತು. ಬೆಂಗಳೂರಿಗೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯುವ ವಿಚಾರವನ್ನು ಮೇಷ್ಟರು ಎತ್ತಿದರು. ನಿರ್ಜಲೀಕರಣವಾಗಿರುವ ನಾಯಿಯನ್ನು ಸುಮಾರು 145 ಕಿಲೋಮೀಟರ್ ಕಾರಿನಲ್ಲಿ ಕೂರಿಸುವುದಕ್ಕಿಂತ ಇಲ್ಲಿಯೇ ಹೊಟ್ಟೆ ತೆರೆಯುವುದು ಮೇಲೆಂದು ಹೇಳಿದೆ. ಖರ್ಚಿನ ಅಂದಾಜನ್ನೂ, ಕರುಳಿನ ಹೊಲಿಗೆ ಸೋರಬಹುದಾದ ಅಪಾಯವನ್ನೂ ಬರೆದು ಕೊಟ್ಟೆ. ಅಜ್ಜಿ ಓದಿ, ಕನ್ನಡಕ ತೆಗೆದು, "ಮಾಡಿ" ಎಂದರು.

ತಕ್ಷಣ ಅರಿವಳಿಕೆ ಕೊಡಲಿಲ್ಲ. ಮೊದಲ ಕೆಲವು ಗಂಟೆ ಪೊಟ್ಯಾಸಿಯಂ ಸೇರಿಸಿದ ಸಲೈನ್ ಹೋಯಿತು. ಅಡಚಣೆಯ ನಾಯಿಯನ್ನು ಆತುರದಲ್ಲಿ ಮಲಗಿಸಿ ಮೇಜಿನ ಮೇಲೇ ಕಳೆದುಕೊಳ್ಳುವುದುಂಟು. ನೀರು ಮತ್ತು ಲವಣ ಸರಿದೂಗಿದ ಮೇಲೆ ಅದೇ ನಾಯಿ ಅರಿವಳಿಕೆಯನ್ನು ತಾಳಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ಒತ್ತಡವನ್ನು ಎದುರಿಸಲು ದೇಹಕ್ಕೆ ಸಾಕಷ್ಟು ಸ್ಟೀರಾಯ್ಡ್ ಬೇಕಾಗಿದ್ದರಿಂದ ಅದನ್ನೂ ಸಣ್ಣ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟೆವು. ತೊಂದರೆಗೆ ಮೂಲವಾದ ಔಷಧಿಯನ್ನೇ ಮತ್ತೆ ಕೊಡುವುದು ಮನೆಯವರಿಗೆ ವಿಚಿತ್ರವೆನಿಸಿತು.

ಹೊಟ್ಟೆಯೊಳಗೆ

ಬಟ್ಟೆಯ ಉಂಡೆ ಜಠರದ ಕೆಳಬಾಯಿಯಲ್ಲಿ ಕೂತಿತ್ತು. ಅದರ ಹೊಲಿದ ಅಂಚು ಬಿಚ್ಚಿಕೊಂಡು, ಉದ್ದನೆಯ ಪಟ್ಟಿಯೂ ನೂಲುಗಳೂ ಆಗಿ ಸಣ್ಣ ಕರುಳಿನ ಮಧ್ಯದವರೆಗೆ ಇಳಿದಿದ್ದವು. ಇಂಥಲ್ಲಿ ಮೊದಲು ಹಿಡಿತ ತಪ್ಪಿಸಬೇಕು. ಜಠರವನ್ನು ತೆರೆದು, ಉಂಡೆಯಿಂದ ಕೆಳಗಿಳಿದ ಪಟ್ಟಿಯನ್ನು ಕತ್ತರಿಸಿದೊಡನೆ ನೆರಿಗೆಗಟ್ಟಿದ್ದ ಕರುಳು ಕಣ್ಣೆದುರೇ ನಿಧಾನವಾಗಿ ಸಡಿಲಗೊಂಡಿತು. ಉಂಡೆಯನ್ನು ತಟ್ಟೆಗೆ ಹಾಕಿದಾಗ, ಅಷ್ಟು ದಿನ ಆಮ್ಲದಲ್ಲಿ ನೆನೆದಿದ್ದರೂ ಅಂಚಿನ ಕೆಂಪು ಗೆರೆ ಮಾಸಿರಲಿಲ್ಲ. ಉಳಿದ ಪಟ್ಟಿಯನ್ನು ಕರುಳಿನ ಎರಡು ಕಡೆ ಸೀಳಿ, ಎಳೆಯದೆ, ತುಂಡು ತುಂಡಾಗಿ ತೆಗೆದೆವು.

ಬಟ್ಟೆ ತೆಗೆದರೆ ಕೆಲಸ ಮುಗಿದಂತಲ್ಲ. ದಾರ ಕೊಯ್ಯುವುದು ಕರುಳಿನ ಒಳಬಾಗಿನಲ್ಲಿ, ಅಂದರೆ ರಕ್ತನಾಳಗಳ ಪೊರೆ ಅಂಟಿಕೊಂಡಿರುವ ಬದಿಯಲ್ಲಿ. ಅಲ್ಲಿ ಕೊಬ್ಬಿರುವುದರಿಂದ ಸಣ್ಣ ತೂತು ಸುಲಭಕ್ಕೆ ಕಾಣುವುದಿಲ್ಲ. ಒಂದೊಂದೇ ಅಂಗುಲ ಬೆರಳಿನ ನಡುವೆ ಹಾಯಿಸಿ ನೋಡಬೇಕು. ಹಾಗೆ ನೋಡುವಾಗ ಒಂದು ಕಡೆ ಗೋಡೆ ಕಪ್ಪಗಾಗಿ ಕಾಗದದಷ್ಟು ತೆಳುವಾಗಿತ್ತು. ಚಿವುಟಿದರೆ ಆ ಭಾಗ ಮುದುಡಲಿಲ್ಲ. ತೇಪೆ ಹಾಕುವ ಆಸೆಯಾದರೂ, ಸ್ಟೀರಾಯ್ಡ್ ತಿಂದ ನಾಯಿಯ ಅನುಮಾನಾಸ್ಪದ ಕರುಳನ್ನು ಉಳಿಸಿಕೊಳ್ಳುವುದು ಜೂಜು. ಸುಮಾರು 12 ಸೆಂಟಿಮೀಟರ್ ಕತ್ತರಿಸಿ, ಆರೋಗ್ಯವಾಗಿದ್ದ ಎರಡು ತುದಿಗಳನ್ನು ಕೂಡಿಸಿ ಹೊಲಿದೆವು. ತಿಂಗಳುಗಟ್ಟಲೆ ನಿಧಾನವಾಗಿ ಕರಗುವ ದಾರವನ್ನೇ ಬಳಸಿದ್ದು, ಬೇಗ ಕರಗುವುದು ಇಲ್ಲಿ ನಂಬಿಕೆಗೆ ಅರ್ಹವಲ್ಲ. ಸಲೈನ್ ತುಂಬಿ ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡು, ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ಹೊಲಿಗೆಯ ಮೇಲೆ ಹೊದಿಸಿ, ಬಿಸಿ ಸಲೈನಿನಲ್ಲಿ ತೊಳೆದು, ಗ್ಲೌಸು ಬದಲಿಸಿ ಹೊಟ್ಟೆ ಮುಚ್ಚಿದೆವು.

ನೋವಿಗೆ ಒಪಿಯಾಯ್ಡ್ ಕೊಟ್ಟೆವು. ನಾಯಿಗಳಿಗೆ ಸಾಮಾನ್ಯವಾಗಿ ಬಳಸುವ ಮೆಲಾಕ್ಸಿಕ್ಯಾಂ ಇಲ್ಲಿ ನಿಷಿದ್ಧ. ಸ್ಟೀರಾಯ್ಡಿನ ಜೊತೆ ಸೇರಿದರೆ ಜಠರದಲ್ಲಿ ಹುಣ್ಣಾಗುತ್ತದೆ.

ಕರುಳಿನ ಹೊಲಿಗೆ ಬಿಚ್ಚುವುದಾದರೆ ಹೆಚ್ಚಾಗಿ ಮೂರರಿಂದ ಐದನೆಯ ದಿನದೊಳಗೆ. ನಾಲ್ಕನೆಯ ದಿನ ಬೆಳಿಗ್ಗೆ ಬಂಟಿ ಗಂಜಿಗೆ ಮುಖ ತಿರುಗಿಸಿದ, ಮೂಲೆ ಹಿಡಿದು ಮಲಗಿದ. ಜ್ವರವಿರಲಿಲ್ಲ, ಆದರೆ ಈ ನಾಯಿಯಲ್ಲಿ ಜ್ವರವಿಲ್ಲದಿರುವುದು ಸಮಾಧಾನದ ಸಂಗತಿಯಲ್ಲ. ಅಲ್ಟ್ರಾಸೌಂಡಿನಲ್ಲಿ ಸ್ವಲ್ಪ ದ್ರವ ಕಂಡಿತು. ಹೊಟ್ಟೆ ತೆರೆದ ಯಾವ ನಾಯಿಯಲ್ಲೂ ಅಷ್ಟು ದ್ರವ ಇದ್ದೇ ಇರುತ್ತದೆ, ಹಾಗಾಗಿ ಸೂಜಿಯಲ್ಲಿ ಹನಿ ದ್ರವ ಸೆಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಬಿಳಿ ರಕ್ತಕಣಗಳು ತುಂಬಿದ್ದವು. ಮುಖ್ಯವಾದದ್ದು, ಆ ಕಣಗಳ ಒಳಗೆ ಬ್ಯಾಕ್ಟೀರಿಯಾ ಇರಲಿಲ್ಲ. ಇದ್ದಿದ್ದರೆ ಆ ಗಂಟೆಯಲ್ಲೇ ಮತ್ತೆ ಹೊಟ್ಟೆ ತೆರೆಯಬೇಕಿತ್ತು. ಕಾಯುವುದೆಂದು ನಿರ್ಧರಿಸಿ, ನೋವಿನ ಔಷಧಿಯ ಪ್ರಮಾಣ ಇಳಿಸಿದೆವು. ಸಂಜೆ ಮೇಷ್ಟರು ಬಂದು ಪಕ್ಕದಲ್ಲಿ ಕೂತು ಬೇಯಿಸಿದ ಮೊಟ್ಟೆಯ ಚೂರು ಕೈಯಲ್ಲಿ ಹಿಡಿದಾಗ ನೆಕ್ಕಿದ, ಆಮೇಲೆ ತಿಂದ. ಮೊಟ್ಟೆ ಒಳಗೆ ಬಾರದ ಮನೆ ಅದು. ಬಂಟಿಗಾಗಿ ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಏರ್ಪಾಡಾಗಿತ್ತು. ತುಪ್ಪ ಹಾಕಬಾರದೆಂಬ ಸೂಚನೆಯನ್ನು ಪಾಲಿಸುವುದೇ ಅಜ್ಜಿಗೆ ಹೆಚ್ಚು ಕಷ್ಟವಾಯಿತೆಂದು ಸೊಸೆ ಹೇಳಿದರು.

ಏಕೆ ನುಂಗಿದ, ಮೊದಲೇ ಏನು ಮಾಡಬಹುದಿತ್ತು

ತಿನ್ನಬಾರದ್ದನ್ನು ತಿನ್ನುವ ನಾಯಿಗೆ ರಕ್ತಹೀನತೆ, ಕೊಕ್ಕೆಹುಳು, ಉಣ್ಣಿ ಜ್ವರ ಇವೆಯೇ ಎಂದು ನೋಡುವುದು ನಮ್ಮ ಕಡೆ ಅಗತ್ಯ. ಬಂಟಿಯಲ್ಲಿ ಯಾವುದೂ ಇರಲಿಲ್ಲ. ಅವನ ತುರಿಕೆಗೆ ಕಾರಣ ಚಿಗಟ. ತಿಂಗಳಿಗೊಮ್ಮೆ ಚಿಗಟ ಮತ್ತು ಉಣ್ಣಿಗೆ ಮಾತ್ರೆ ಶುರು ಮಾಡಿ, ಪ್ರೆಡ್ನಿಸೊಲೋನನ್ನು ವಾರಗಳ ಮೇಲೆ ಹಂತಹಂತವಾಗಿ ನಿಲ್ಲಿಸಿದೆವು. ಲ್ಯಾಬ್ರಡಾರ್‌ಗಳ ಹೊಟ್ಟೆಬಾಕತನ ಬರೀ ಸಾಕಿದವರ ಮುದ್ದಿನ ಫಲವಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಇಲ್ಲ. ಅಂಥವು ಆಹಾರಕ್ಕಾಗಿ ಹೆಚ್ಚು ಹಂಬಲಿಸುತ್ತವೆ, ತೂಕವೂ ಹೆಚ್ಚು. ಅಂಥ ತಳಿಗೆ ಎರಡು ತಿಂಗಳು ಸ್ಟೀರಾಯ್ಡ್ ಕೊಟ್ಟರೆ ಆಗುವುದನ್ನು ಊಹಿಸಬಹುದು. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 2014ರಲ್ಲಿ ಒಂದು ಗ್ರೇಟ್ ಡೇನ್ ನಾಯಿಯ ಜಠರದಿಂದ 43 ಕಾಲುಚೀಲ, ಮೇಲೊಂದು ಅರ್ಧ ಚೀಲ ತೆಗೆದದ್ದು ಸುದ್ದಿಯಾಗಿತ್ತು. ಜನ ನಕ್ಕರು. ಅಷ್ಟು ಕಾಲುಚೀಲ ಕಾಣೆಯಾದರೂ ಮನೆಯಲ್ಲಿ ಯಾರೂ ಎಣಿಸಿರಲಿಲ್ಲವೇ ಎಂದು ನನಗೆ ಆಶ್ಚರ್ಯ.

ಬಂಟಿಯ ಮನೆಯವರಿಗೆ ಕೊನೆಗೆ ಹೇಳಿದ್ದು ಹೀಗೆ. ನುಂಗಿದ್ದು ಬಟ್ಟೆ, ಕಾಲುಚೀಲದಂಥ ಮೆತ್ತನೆಯ ವಸ್ತುವಾಗಿ, ಎರಡು ಗಂಟೆಯೊಳಗೆ ಕ್ಲಿನಿಕ್ಕಿಗೆ ತಂದರೆ ವಾಂತಿ ಮಾಡಿಸಿಯೇ ಹೊರತೆಗೆಯುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಮಾಡಿಸಲು ಹೋಗಬಾರದು. ಮಗ ಅಂತರ್ಜಾಲದಲ್ಲಿ ಉಪ್ಪುನೀರಿನ ಉಪಾಯ ಓದಿದ್ದರು. ಒಂದು ಊಟದ ಚಮಚದಲ್ಲಿ 17–18 ಗ್ರಾಂ ಉಪ್ಪಿರುತ್ತದೆ, ನಾಲ್ಕು ಕೆ.ಜಿ.ಯ ಪೊಮೆರೇನಿಯನ್ ನಾಯಿಯ ಪ್ರಾಣ ಹೋಗಲು ಅಷ್ಟು ಸಾಕು. ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಎನ್ನುವ ವಿದೇಶಿ ಸಲಹೆಗಳು ಶೇ 3ರ ದ್ರಾವಣದ ಲೆಕ್ಕದಲ್ಲಿವೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 6ರದ್ದು, ಅದು ಜಠರದ ಒಳಪೊರೆಯನ್ನು ಸುಡುತ್ತದೆ. ಸೂಜಿ, ಬ್ಲೇಡ್, ಗಾಜಿನ ಚೂರು, ಬಟನ್ ಸೆಲ್, ಆಸಿಡ್, ಸೀಮೆಎಣ್ಣೆ ಹೊಟ್ಟೆಗೆ ಹೋದಾಗ ವಾಂತಿಯೇ ಎರಡನೆಯ ಅಪಘಾತ. ಬಟನ್ ಸೆಲ್ ಅನ್ನನಾಳದಲ್ಲಿ ನಿಂತರೆ ಅರ್ಧ ಗಂಟೆಯೊಳಗೇ ಸುಡಲು ಶುರುವಾಗುತ್ತದೆ, ಅಲ್ಲಿ ಕಾಯುವ ಮಾತೇ ಇಲ್ಲ. ಸ್ಯಾನಿಟರಿ ಪ್ಯಾಡ್ ಒಳಗೆ ಹೋಗಿ ಉಬ್ಬುತ್ತದೆ. ಮೇ, ಜೂನ್ ತಿಂಗಳಲ್ಲಿ ಮಾವಿನ ಓಟೆಯ ಕಾಟ.

ಇನ್ನೊಂದು, ಬಾಯಲ್ಲಿ ಏನನ್ನೋ ಹಿಡಿದ ನಾಯಿಯನ್ನು ಅಟ್ಟಿಸಿಕೊಂಡು ಹೋಗಬಾರದು. ಅಟ್ಟಿದಷ್ಟೂ ಬೇಗ ನುಂಗುವುದನ್ನು ಅದು ಕಲಿಯುತ್ತದೆ. ಮೇಷ್ಟರು ಬಂಟಿಗೆ "ಬಿಡು" ಎಂಬ ಪಾಠವನ್ನು ಕ್ಯಾರೆಟ್ ತುಂಡಿನ ಲಂಚ ಕೊಟ್ಟು ಕಲಿಸಿದರು. ಬಹುಮಟ್ಟಿಗೆ ಕಲಿತ.

ಬಹುಮಟ್ಟಿಗೆ ಎಂದೆ. ಒಮ್ಮೆ ಬಟ್ಟೆ ನುಂಗಿದ ನಾಯಿ ಮತ್ತೊಮ್ಮೆ ನುಂಗುವುದು ಅಪರೂಪವಲ್ಲ. ಹೊಲಿಗೆಯೆಲ್ಲ ಮಾಯ್ದು ತಿಂಗಳುಗಳಾದ ಮೇಲೆ ಒಂದು ಸಂಜೆ ಸೊಸೆಯ ಫೋನ್ ಬಂತು. "ಡಾಕ್ಟರೇ, ಮಗುವಿನ ಕಾಲುಚೀಲ ಒಂದು ಇಲ್ಲ. ಇಪ್ಪತ್ತು ನಿಮಿಷದ ಹಿಂದೆ ಎರಡೂ ಇದ್ದವು. ಏನೂ ಕುಡಿಸಿಲ್ಲ, ಹೊರಟಿದ್ದೇವೆ." ಉಳಿದ ಒಂದು ಕಾಲುಚೀಲವನ್ನು ಮೇಷ್ಟರು ಕೈಯಲ್ಲೇ ಹಿಡಿದು ತಂದಿದ್ದರು. ವಾಂತಿ ಮಾಡಿಸಿದಾಗ ನುಂಗಿದ್ದು ಹೊರಬಂತು. ಎರಡನ್ನೂ ಪಕ್ಕಪಕ್ಕದಲ್ಲಿ ಹಾಸಿ ನೋಡಿದೆವು. ಬೆರಳಿನ ತುದಿಯಲ್ಲಿ ಹೆಬ್ಬೆರಳುಗುರಿನಷ್ಟು ಚೂರು ಕಡಿಮೆಯಿತ್ತು. ವಾಂತಿ ಅಥವಾ ಹೊಟ್ಟೆನೋವು ಕಂಡರೆ ಕೂಡಲೇ ಬರಬೇಕೆಂದೂ, ಅಲ್ಲಿಯವರೆಗೆ ಮಲವನ್ನು ಗಮನಿಸುತ್ತಿರಬೇಕೆಂದೂ ಹೇಳಿ ಕಳಿಸಿದೆ. ಮೂರನೆಯ ದಿನ ಆ ಚೂರಿನ ಫೋಟೋ ನನ್ನ ಮೊಬೈಲಿಗೆ ಬಂತು, ಅಳತೆಗೆಂದು ಪಕ್ಕದಲ್ಲಿ ಒಂದು ಸ್ಕೇಲನ್ನೂ ಇಟ್ಟಿದ್ದರು.